ಎಸಿ ಇಲ್ಲದ ಮನೆಯಲ್ಲಿ ಯುನಿಟ್ ಎಲ್ಲಿ ಹೋಗುತ್ತಿದೆ? ಗೊತ್ತಿರುವವರು ಹೇಳಿ

ಪ್ರಶ್ನೆ: ನಮ್ಮಲ್ಲಿ ಎಸಿ ಇಲ್ಲ, ಬಿಸಿನೀರಿಗೆ ಸೋಲಾರ್. ಟಿವಿ, ಎರಡು ಸೆಟ್‌ಟಾಪ್ ಬಾಕ್ಸ್, ವೈಫೈ, ಲ್ಯಾಪ್‌ಟಾಪ್, ಫ್ರಿಜ್, ಯುಪಿಎಸ್ ಇವೆ. ಆದರೂ ಗೃಹಜ್ಯೋತಿಯಲ್ಲಿ ಸಿಕ್ಕ ಉಚಿತ ಯುನಿಟ್ಟಿನ ಮಿತಿ ದಾಟುತ್ತಿದೆ. ಯಾವುದು ಎಷ್ಟು ಎಳೆಯುತ್ತದೆಂದು ಮನೆಯಲ್ಲೇ ನೋಡುವುದು ಹೇಗೆ?

ಉತ್ತರ 1: ಮೊದಲಿಗೆ ಏನನ್ನೂ ಕೊಳ್ಳಬೇಡಿ, ಮೀಟರ್ ಸಾಕು. ಅದರ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಎಂದೋ 1600 ಎಂದೋ ಇಂಪಲ್ಸ್ ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯುನಿಟ್. 3200ರ ಮೀಟರಾದರೆ, 10 ಮಿಣುಕಿಗೆ ಎಷ್ಟು ಸೆಕೆಂಡ್ ಹಿಡಿಯಿತೋ ಅದರಿಂದ 11,250 ಅನ್ನು ಭಾಗಿಸಿ. 75 ಸೆಕೆಂಡ್ ಆದರೆ ಆ ಹೊತ್ತಿನ ಲೋಡ್ 150 ವ್ಯಾಟ್. 1600ರ ಮೀಟರಿಗೆ 22,500 ಹಾಕಿಕೊಳ್ಳಿ. ಮೊದಲ ಮಿಣುಕನ್ನು ಸೊನ್ನೆ ಎಂದು ಎಣಿಸಿ. ಒಂದು ಎಂದು ಶುರುಮಾಡಿದರೆ ಲೆಕ್ಕ ಒಂಬತ್ತನೇ ಒಂದರಷ್ಟು ಜಾಸ್ತಿ ಬರುತ್ತದೆ. ಫ್ರಿಜ್ ತಾನಾಗಿ ಆನ್-ಆಫ್ ಆಗುವುದರಿಂದ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಉಳಿದವನ್ನು ಒಂದೊಂದಾಗಿ ಆಫ್ ಮಾಡುತ್ತಾ ವ್ಯತ್ಯಾಸ ಬರೆದುಕೊಳ್ಳಿ. ಫ್ರಿಜ್ ನಿಲ್ಲಿಸಿದ ಮೇಲೆ ಐದು ನಿಮಿಷವಾದರೂ ಬಿಟ್ಟೇ ಮತ್ತೆ ಹಾಕಿ, ಇಲ್ಲವಾದರೆ ಕಂಪ್ರೆಸರ್‌ಗೆ ಹೊಡೆತ.

ಉತ್ತರ 2: ನನ್ನ ಅನುಮಾನ ಸೆಟ್‌ಟಾಪ್ ಬಾಕ್ಸ್‌ಗಳ ಮೇಲೆ. ರಿಮೋಟಿನಲ್ಲಿ ಆಫ್ ಮಾಡಿದರೆ ಅನೇಕ ಬಾಕ್ಸ್‌ಗಳಲ್ಲಿ ಚಿತ್ರ ಮಾತ್ರ ನಿಲ್ಲುತ್ತದೆ, ಒಳಗೆಲ್ಲ ನಡೆಯುತ್ತಲೇ ಇರುತ್ತದೆ; ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. 10 ವ್ಯಾಟ್ ಇಡೀ ದಿನ ಹರಿದರೆ ತಿಂಗಳಿಗೆ 7.2 ಯುನಿಟ್. ಎರಡಿದ್ದರೆ 14.4. ಅದೇ 750 ವ್ಯಾಟ್ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ತಿರುಗಿದರೂ ತಿಂಗಳಿಗೆ ನಾಲ್ಕು ಯುನಿಟ್ ದಾಟದು. ಮಿಕ್ಸಿಯ ಸದ್ದಿಗೆ ಹೆದರಬೇಡಿ, ಸದ್ದಿಲ್ಲದೆ ಉರಿಯುವುದನ್ನು ಹುಡುಕಿ. ಗೋಡೆಯ ಸ್ವಿಚ್‌ನಲ್ಲೇ ಆರಿಸಿ. ಫೋನ್ ಚಾರ್ಜರ್ ಖಾಲಿ ಸಿಕ್ಕಿಸಿಟ್ಟಿದ್ದರೆ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಲ್ಯಾಪ್‌ಟಾಪ್ ಅಡಾಪ್ಟರ್ ಮೇಲಿನ 65 ವ್ಯಾಟ್ ಗರಿಷ್ಠ ಮಿತಿ. ಮಾಮೂಲಿ ಕೆಲಸಕ್ಕೆ ಅದರ ಅರ್ಧವೂ ಬೇಕಾಗುವುದಿಲ್ಲ.

ಗೃಹಜ್ಯೋತಿಯಲ್ಲಿ ನಿಮ್ಮ ಮಿತಿ ದಾಟಿಯೂ ತಿಂಗಳಿಗೆ 200 ಯುನಿಟ್ಟಿನೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್. ಅಂಚಿನಲ್ಲಿರುವವರಿಗೆ ಈ 14 ಯುನಿಟ್ ಸಣ್ಣದಲ್ಲ.

ಉತ್ತರ 3: ಕ್ಲಾಂಪ್ ಮೀಟರಿನಲ್ಲಿ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಆಂಪಿಯರ್ ನೋಡಿ 230ರಿಂದ ಗುಣಿಸಬೇಡಿ. ಚಿಕ್ಕ ಅಡಾಪ್ಟರ್‌ಗಳ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್ ಗುಣಿಸಿದ್ದರಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) ಕಡಿಮೆ, ಉತ್ತರ ಸುಮಾರು ದುಪ್ಪಟ್ಟು ಬರಬಹುದು. ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್‌ಮೀಟರ್ ತರುವುದಾದರೆ 16 ಆಂಪಿಯರಿನದನ್ನೇ ತನ್ನಿ. ಫ್ರಿಜ್ಜಿಗೆ ಅದನ್ನು ಪೂರ್ತಿ 24 ಗಂಟೆ ಹಾಕಿಡಿ. ಬಂದ ಯುನಿಟ್ಟನ್ನು 365ರಿಂದ ಗುಣಿಸಿ ಸ್ಟಾರ್ ಲೇಬಲ್ಲಿನ ವಾರ್ಷಿಕ ಅಂಕಿಗೆ ಹೋಲಿಸಿ. ಬಹಳ ಜಾಸ್ತಿಯಿದ್ದರೆ ಬಾಗಿಲಿನ ರಬ್ಬರ್ ನೋಡಿ: ನಡುವೆ ಕಾಗದ ಇಟ್ಟು ಮುಚ್ಚಿದಾಗ ಸಲೀಸಾಗಿ ಎಳೆದರೆ ಬಂತೆಂದರೆ ರಬ್ಬರ್ ಹೋಗಿದೆ.

ಯುಪಿಎಸ್ ಅಳೆಯುವಾಗ ಹೆಚ್ಚಿನವರು ಎಡವುತ್ತಾರೆ. ಪ್ಲಗ್ ತೆಗೆದರೆ ಅದಕ್ಕೆ ಸೇರಿದ ಲೈಟು-ಫ್ಯಾನುಗಳೂ ಬ್ಯಾಟರಿಗೆ ಹೋಗಿಬಿಡುತ್ತವೆ, ವ್ಯತ್ಯಾಸವೆಲ್ಲ ಯುಪಿಎಸ್ಸಿನದೇ ಎಂದು ಕಾಣುತ್ತದೆ. ಹಾಗಾಗಿ ಕರೆಂಟ್ ಹೋಗದೆ ಒಂದು ದಿನ ಕಳೆದ ಮೇಲೆ, ಆ ಲೈನಿನ ಎಲ್ಲವನ್ನೂ ಆಫ್ ಮಾಡಿ ಮೊದಲು ಮಿಣುಕು ಎಣಿಸಿ, ಆಮೇಲೆ ಪ್ಲಗ್ ತೆಗೆದು ಮತ್ತೆ ಎಣಿಸಿ. ತಿರುಗಿ ಹಾಕಿದ ಕೂಡಲೇ ಅಳೆಯಬೇಡಿ, ಆಗ ಚಾರ್ಜಿಂಗ್ ನಡೆದಿರುತ್ತದೆ. ಬ್ಯಾಟರಿ ತುಂಬಿದ ಮೇಲೂ 50-60 ವ್ಯಾಟ್ ಎಳೆಯುತ್ತಿದ್ದು, ಬಿಸಿಯೂ ಇದ್ದು, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುತ್ತಿದ್ದರೆ ಸೆಲ್ ಸತ್ತಿರುವ ಲಕ್ಷಣ. ತಿಂಗಳಿಗೆ 36 ಯುನಿಟ್ಟಿಗೂ ಮೇಲೆ ಅಲ್ಲೇ ಸೋರುತ್ತಿದೆ.

ಉತ್ತರ 4: ಯುಪಿಎಸ್ಸನ್ನೂ ಆರಿಸಿ, ಮೇನ್ ಸ್ವಿಚ್ ಇಳಿಸಿ ಐದು ನಿಮಿಷ ನೋಡಿ. ಮಿಣುಕು ನಿಲ್ಲದಿದ್ದರೆ ಮೀಟರಿಗೂ ಮೇನ್‌ಗೂ ನಡುವೆ ಯಾರದೋ ಲೈನ್ ಸೇರಿರಬೇಕು, ಇಲ್ಲವೇ ಮೀಟರೇ ಕೆಟ್ಟಿರಬೇಕು. ಬಾಡಿಗೆ ಮನೆಗಳ ಕಟ್ಟಡದಲ್ಲಿ ಇನ್ನೊಂದನ್ನೂ ಗಮನಿಸಿ: ಎರಡು ಮನೆಗಳ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಒಂದಾಗಿದ್ದರೆ ಮೀಟರಿನ ಅರ್ತ್ ದೀಪ ಹತ್ತಿಕೊಂಡಿರುತ್ತದೆ. ಫೇಸ್, ನ್ಯೂಟ್ರಲ್ ಎರಡರಲ್ಲಿ ಯಾವುದರಲ್ಲಿ ಕರೆಂಟ್ ಹೆಚ್ಚೋ ಅದನ್ನೇ ಇಂಥ ಮೀಟರ್ ಲೆಕ್ಕಕ್ಕೆ ಹಿಡಿಯುತ್ತದೆ, ಪಕ್ಕದ ಮನೆಯ ಕರೆಂಟೂ ನಿಮ್ಮ ಬಿಲ್ಲಿಗೆ ಬೀಳಬಹುದು. ನ್ಯೂಟ್ರಲ್ ಬೇರ್ಪಡಿಸುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನದು, ನೀವು ಕೈ ಹಾಕಬೇಡಿ. ಮೀಟರ್ ಮೇಲೆಯೇ ಅನುಮಾನವಿದ್ದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.