ಪದಚರ್ಚೆ: ‘ಡೇಟಾ ಫಿಡ್ಯೂಷಿಯರಿ’ಗೆ ಬಾಡಿಗೆ ಕರಾರಿನ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

‘ಡೇಟಾ ಫಿಡ್ಯೂಷಿಯರಿ’ಗೆ, ಅಂದರೆ ಇನ್ನೊಬ್ಬರ ಮಾಹಿತಿ ಪಡೆದು ಬಳಸುವವರಿಗೆ, ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ನಿಘಂಟುಗಳು ನನ್ನ ಹತ್ತಿರವೂ ಇವೆ, ಅವುಗಳಲ್ಲಿ ಇರುವುದು ಬೇಡ. ಮನೆ ಬಾಡಿಗೆಗೆ ಬಂದವರ ಕೈಗೆ ಕೊಡುವ ಒಂದು ಹಾಳೆಯಲ್ಲಿ ಬರೆದರೆ, ಅವರು ಓದಿ, ತಲೆ ಕೆರೆದುಕೊಳ್ಳದೆ ಸಹಿ ಹಾಕುವಂಥ ಪದ.

ಹಿನ್ನೆಲೆ ಇಷ್ಟು. ಮೈಸೂರಿನಲ್ಲಿ ನಮ್ಮದೊಂದು ಮನೆ. ಕೆಳಗೆ ನಾವು, ಮೇಲೆ ಎರಡು ಪೋರ್ಷನ್. ಕಳೆದ ತಿಂಗಳು ಅದರಲ್ಲೊಂದನ್ನು ಖಾಲಿ ಮಾಡಿದ ಹುಬ್ಬಳ್ಳಿಯ ಹುಡುಗಿ, ಸುಣ್ಣಬಣ್ಣಕ್ಕೆ ಹಿಡಿದದ್ದು ಹೋಗಿ ಉಳಿದ ಅಡ್ವಾನ್ಸ್ ಎಣಿಸಿಕೊಂಡು, ಬೀಗದ ಕೈ ನನಗೆ ಒಪ್ಪಿಸಿ, ಮೆಟ್ಟಿಲ ಹತ್ತಿರ ನಿಂತು ಕೇಳಿದಳು: “ಆಂಟೀ, ಅಡ್ವಾನ್ಸ್ ಅಂತೂ ಬಂತ್ರಿ. ನನ್ನ ಆಧಾರ್ ಫೋಟೋ ನಿಮ್ಮ ಫೋನಿನ್ಯಾಗ ಐತಲ್ರಿ, ಅದನ್ನ ಯಾವಾಗ ಕೊಡ್ತೀರಿ?”

ನಗುತ್ತಲೇ ಫೋನ್ ತೆಗೆದೆ. ತೆಗೆದ ಮೇಲೆ ನಗು ನಿಂತಿತು. ಮೊಮ್ಮಗುವಿನ ನಾಮಕರಣ, ಬಿಸಿಬೇಳೆಭಾತಿನ ಪಾತ್ರೆ, ಅವುಗಳ ನಡುವೆ ಯಾವ ಕಾಲದಲ್ಲೋ ಬಿಟ್ಟು ಹೋದವರ ಆಧಾರ್ ಕಾರ್ಡುಗಳು, ಒಬ್ಬರ ಕಂಪನಿ ಐಡಿ, ಒಬ್ಬರ ಮದುವೆ ಸರ್ಟಿಫಿಕೇಟ್. ಅದನ್ನು ಯಾಕೆ ಕೇಳಿದ್ದೆನೋ, ಈಗ ನೆನೆದರೆ ನಾಚಿಕೆ. ಆ ಹುಡುಗಿಯ ಎದುರೇ ಅವಳದ್ದನ್ನು ಅಳಿಸಿದೆ. “ವಾಟ್ಸಾಪಿನ್ಯಾಗೂ ಐತ್ರಿ” ಅಂದಳು. ಅಲ್ಲಿಯೂ ಅಳಿಸಿದೆ. ಕರಾರು ಪತ್ರ ಟೈಪ್ ಮಾಡಿಸಿದ ಡಿಟಿಪಿ ಅಂಗಡಿಗೆ ನಾನೇ ಕಳಿಸಿದ್ದೆನಲ್ಲ, ಅದು ನೆನಪಾದದ್ದು ಅವಳ ಆಟೋ ತಿರುವು ದಾಟಿದ ಮೇಲೆ.

ಇದೆಲ್ಲಕ್ಕೂ ಈಗ ಒಂದು ಕಾನೂನಿದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು. ಕಡತದಲ್ಲಿರುವ ಬರೀ ಜೆರಾಕ್ಸ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನೇ ಸ್ಕ್ಯಾನ್ ಮಾಡಿದರೆ, ಫೋಟೋ ಹೊಡೆದರೆ ಬರುತ್ತದೆ. ವೈಯಕ್ತಿಕ ಅಥವಾ ಮನೆಬಳಕೆಯ ಉದ್ದೇಶಕ್ಕಾದರೆ ವಿನಾಯಿತಿ ಇದೆ. ನಮ್ಮನೆಯವರು ಅದನ್ನೇ ಹಿಡಿದುಕೊಂಡು, “ಮನೆ ಬಾಡಿಗೆ ತಾನೆ, ಮನೆಬಳಕೆಯಲ್ಲದೆ ಇನ್ನೇನು?” ಎನ್ನುತ್ತಾರೆ. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸರಿಯೇ. ಆದರೆ ತಿಂಗಳ ಐದನೇ ತಾರೀಖು ಬಾಡಿಗೆ ಬರದಿದ್ದರೆ ಫೋನ್ ಮಾಡುವವರೂ ಅವರೇ. ದುಡ್ಡು ಎಣಿಸುವಾಗ ವ್ಯವಹಾರ, ಹೊಣೆ ಹೊರುವಾಗ ಮನೆಬಳಕೆ ಅಂದರೆ ಹೇಗೆ? ವಿನಾಯಿತಿ ನಮಗಿಲ್ಲ ಎಂದೇ ನನ್ನ ಓದು. ಕಾಯ್ದೆಯ ಒಳಗೇ, ಬಾಡಿಗೆ ಮನೆ ಹುಡುಕಿಕೊಡಿ ಎಂದು ಬ್ರೋಕರಿಗೆ ಮೆಸೇಜ್ ಕಳಿಸುವವಳೊಬ್ಬಳ ಉದಾಹರಣೆ ಇದೆ. ಇನ್ನು ಬೇಡ ಎಂದು ಅವಳು ಹೇಳಿದ ಮೇಲೆ ಆತ ಅವಳ ಮಾಹಿತಿಯನ್ನು ಬಳಸುವುದು ನಿಲ್ಲಿಸಬೇಕು. ದಲ್ಲಾಳಿಗೇ ಇಷ್ಟು ಹೊಣೆಯಿದ್ದರೆ ಮನೆ ಕೊಟ್ಟವರಿಗೆ ಇಲ್ಲದೆ ಹೋದೀತೆ? (ಅಂದಹಾಗೆ, ಈ ಕಾಯ್ದೆ ವ್ಯಕ್ತಿಯನ್ನು ಉದ್ದಕ್ಕೂ ‘ಆಕೆ’ ಎಂದೇ ಕರೆಯುತ್ತದೆ, ಗಂಡಸರೂ ಅದರೊಳಗೇ ಸೇರುತ್ತಾರೆ. ನಮಗೆ ‘ಅವರು’ ಇರುವುದರಿಂದ ಆ ತಾಪತ್ರಯವಿಲ್ಲ.)

ಒಪ್ಪಿಗೆ ಕೇಳುವ ಮುಂಚೆ, ಯಾವ ಮಾಹಿತಿ, ಯಾತಕ್ಕೆ ಎಂದು ತಿಳಿಸುವ ಒಂದು ಕಾಗದ ಕೊಡಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಅವರಿಗಿರಬೇಕು. ಅಂದಮೇಲೆ ಕನ್ನಡದ ಹಾಳೆ ನನ್ನ ಚಪಲವಲ್ಲ, ಕಾನೂನಿನ ಮಾತು. ಬರೆಯಲು ಕೂತೆ. ಮೊದಲ ಪದದಲ್ಲೇ ಎಡವಿದೆ.

ಆ ಕಾಗದಕ್ಕೆ ಕಾಯ್ದೆಯ ಹೆಸರು ‘ನೋಟಿಸ್’. ಬಾಡಿಗೆದಾರರಿಗೆ ಮನೆ ಓನರ್ ನೋಟಿಸ್ ಕೊಟ್ಟರೆ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ. ಹಾಲು ಉಕ್ಕಿಸಿದ ದಿನವೇ ನೋಟಿಸ್ ಕೈಗಿಟ್ಟರೆ ಅವರು ಹಾಲಿನ ಪಾತ್ರೆ ಸಮೇತ ಇಳಿದು ಹೋದಾರು. ‘ತಿಳಿವಳಿಕೆ ಪತ್ರ’ ಅನ್ನೋಣವೆಂದರೆ ನಗರಪಾಲಿಕೆ ಕಟ್ಟಡ ಒಡೆಯುವ ಮುಂಚೆ ಕೊಡುವುದೂ ಅದೇ. ‘ಸೂಚನೆ’ ಅಂದರೆ ನೀರು ಪೋಲು ಮಾಡಬೇಡಿ, ಗೇಟ್ ಹಾಕಿ. ಕೊನೆಗೆ ‘ನಿಮ್ಮ ಕಾಗದಪತ್ರ ನಮ್ಮ ಹತ್ತಿರ’ ಎಂದು ತಲೆಬರಹ ಕೊಟ್ಟಿದ್ದೇನೆ. ‘ಗೋಪ್ಯತಾ ನೀತಿ’ ಹಾಕಬಹುದಿತ್ತು, ಆದರೆ ಮಂತ್ರಿಗಳ ‘ಅಧಿಕಾರ ಮತ್ತು ಗೋಪ್ಯತಾ ಪ್ರಮಾಣವಚನ’ವೇ ಕಿವಿಯಲ್ಲಿ ಮೊಳಗುತ್ತದೆ. ಗೋಪ್ಯ ಎನ್ನುವುದು ಬಚ್ಚಿಡುವುದಕ್ಕೆ. ನನ್ನ ಫೋನ್ ನಂಬರ್ ಗುಟ್ಟೇನಲ್ಲ, ಆದರೆ ನನ್ನದು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ 2017ರ ಆಗಸ್ಟಿನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿಗೆ ಪತ್ರಿಕೆಗಳು ‘ಖಾಸಗಿತನದ ಹಕ್ಕು’ ಎಂದದ್ದು ಈ ಕಾರಣಕ್ಕೇ ನನಗೆ ಹಿಡಿಸಿತ್ತು.

ಈಗ ಅಸಲು ವಿಷಯ. ಮಾಹಿತಿ ಪಡೆದು, ಅದನ್ನು ಯಾತಕ್ಕೆ ಹೇಗೆ ಬಳಸುವುದೆಂದು ತೀರ್ಮಾನಿಸುವವರು ‘ಡೇಟಾ ಫಿಡ್ಯೂಷಿಯರಿ’, ಅಂದರೆ ನಾನು. ಮಾಹಿತಿ ಯಾರದೋ ಅವರು ‘ಡೇಟಾ ಪ್ರಿನ್ಸಿಪಾಲ್’. ಇಂಗ್ಲೆಂಡಿನಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ನನ್ನ ತಂಗಿಯ ಮಗ ಇದೇ ಕೆಲಸಕ್ಕೆ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಗೆ ವರ್ಷಕ್ಕೆ 52 ಪೌಂಡ್ ಕಟ್ಟುತ್ತಾನೆ. ಅಲ್ಲಿ ಅವನು ‘ಕಂಟ್ರೋಲರ್’, ಬಾಡಿಗೆದಾರ ‘ಸಬ್ಜೆಕ್ಟ್’. ಕನ್ನಡಕ್ಕೆ ತಂದರೆ ಒಬ್ಬ ನಿಯಂತ್ರಕ, ಇನ್ನೊಬ್ಬ ಪ್ರಜೆ! ನಮ್ಮಲ್ಲಿ, ಈ ಕಾನೂನಿನ ಮೊದಲ ಕರಡು ಬರೆದ 2018ರ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ, ಇವರಿಬ್ಬರ ನಡುವಿನದು ನಂಬಿಕೆಯ ಸಂಬಂಧ ಎಂದು ಎರಡೂ ಹೆಸರನ್ನು ಬದಲಾಯಿಸಿತು. ಆ ಬದಲಾವಣೆ ನನಗೆ ಇಷ್ಟ. ಆದರೆ ಆ ನಂಬಿಕೆಯನ್ನು ಕನ್ನಡದಲ್ಲಿ ಹೇಗೆ ಹೇಳುವುದು?

‘ವೈಶ್ವಾಸಿಕ’ ಅಂದರೆ ವಿಶ್ವಾಸ ಅನ್ನುವ ಹೆಸರಿನವರ ಮಗ ಅನ್ನಿಸುತ್ತದೆ. ‘ನ್ಯಾಸಧಾರಿ’ಯಲ್ಲಿ ಅರ್ಥ ಸರಿಯಾಗಿದೆ, ನಂಬಿ ಇಟ್ಟದ್ದೇ ನ್ಯಾಸ, ಆದರೆ ನಮ್ಮ ಬೀದಿಯಲ್ಲಿ ನ್ಯಾಸ ಎಂದರೆ ಪೂಜೆಗೆ ಕೂತಾಗ ಮಾಡುವ ಅಂಗನ್ಯಾಸ, ಕರನ್ಯಾಸ. ‘ಧರ್ಮದರ್ಶಿ’ ಒಳ್ಳೆಯ ಪದ, ದೇವಸ್ಥಾನ ಬಿಟ್ಟು ಹೊರಗೆ ಬರುವುದಿಲ್ಲ. ಪ್ರಿನ್ಸಿಪಾಲಿಗೆ ‘ಮಾಲೀಕ’ ಎನ್ನೋಣವೆಂದರೆ ಅದೇ ಹಾಳೆಯಲ್ಲಿ ಮೇಲೆ ‘ಮಾಲೀಕರು’ ಎಂದು ನನ್ನ ಹೆಸರಿದೆ. ಇನ್ನು ‘ಪ್ರೊಸೆಸರ್’, ಅಂದರೆ ನನ್ನ ಪರವಾಗಿ ಆ ಮಾಹಿತಿಯ ಕೆಲಸ ಮಾಡಿಕೊಡುವವ, ಆದ ಡಿಟಿಪಿ ಅಂಗಡಿಯವನಿಗೆ ‘ಸಂಸ್ಕಾರಕ’ ಎಂದು ಬರೆದು ನೋಡಿದೆ. ಮಾಹಿತಿಗೆ ಆತ ಸಂಸ್ಕಾರ ಮಾಡಿ ಮುಗಿಸಿದ ಹಾಗಾಯಿತು. ಹೊಡೆದು ಹಾಕಿದೆ.

ಬೇಸರವಾಗಿ, ಹಳೆಯ ಕರಾರು ಪತ್ರಗಳ ಕಟ್ಟು ಬಿಚ್ಚಿದೆ. ನಮ್ಮ ಮಾವನವರು ಪತ್ರಬರಹಗಾರರಿಂದ ಬರೆಸಿದ್ದು: ‘ಬರೆದುಕೊಟ್ಟ ಬಾಡಿಗೆ ಕರಾರು ಪತ್ರದ ಕ್ರಮವೇನೆಂದರೆ’ ಎಂದು ಶುರು. ಓದುತ್ತ ಹೋದ ಹಾಗೆ, ನಾನು ಹುಡುಕುತ್ತಿದ್ದ ಕನ್ನಡ ಅಲ್ಲೇ ಸಾಲುಗಟ್ಟಿ ನಿಂತಿತ್ತು. ‘ಸದರಿ ಮನೆಯನ್ನು ವಾಸಕ್ಕೆ ಮಾತ್ರ ಉಪಯೋಗಿಸತಕ್ಕದ್ದು.’ ‘ಒಳಬಾಡಿಗೆಗೆ ಕೊಡಕೂಡದು.’ ‘ಅವಧಿ ಮುಗಿದ ಕೂಡಲೇ ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡತಕ್ಕದ್ದು.’ ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಇಷ್ಟರೊಳಗೆ ಮಾತ್ರ ನಿನ್ನದು. ಈ ಸಾಲುಗಳನ್ನು ನನ್ನ ಕಡೆಗೆ ತಿರುಗಿಸಿ ಓದಿ. ಅವಳ ಆಧಾರನ್ನು ಗುರುತಿಗೆ ಮಾತ್ರ ಉಪಯೋಗಿಸತಕ್ಕದ್ದು. ಅದನ್ನು ಒಳಬಾಡಿಗೆಗೆ ಕೊಡಕೂಡದು, ಅಂದರೆ ಬ್ರೋಕರಿಗೋ ಪಕ್ಕದ ಮನೆಯವರಿಗೋ ದಾಟಿಸಕೂಡದು. ಅವಧಿ ಮುಗಿದ ಮೇಲೆ ನನ್ನ ಫೋನಿನಿಂದ ಖಾಲಿ ಮಾಡತಕ್ಕದ್ದು. ಬಾಡಿಗೆದಾರರಿಂದ ನಾವು ವರ್ಷಗಟ್ಟಲೆ ಬರೆಸಿಕೊಂಡದ್ದನ್ನೇ ಕಾಯ್ದೆ ಈಗ ನಮ್ಮಿಂದ ಬರೆಸಿಕೊಳ್ಳುತ್ತಿದೆ. ಹಾಗೆ ನೋಡಿದರೆ ಮನೆಗೆ ಅವಳು ಬಾಡಿಗೆದಾರಳು, ಅವಳ ಮಾಹಿತಿಗೆ ನಾನು.

ಹಾಗಾದರೆ ಫಿಡ್ಯೂಷಿಯರಿಗೆ ‘ಮಾಹಿತಿ ಬಾಡಿಗೆದಾರ’ ಎಂದೇ ಅಂದುಬಿಡಬಹುದಲ್ಲ ಎಂದರೆ, ಪೂರ್ತಿ ಒಪ್ಪುವುದಿಲ್ಲ. ಬಾಡಿಗೆದಾರ ದುಡ್ಡು ಕೊಟ್ಟು ತನ್ನ ಸುಖಕ್ಕೆ ಇರುವವನು. ನಾನು ಏನೂ ಕೊಟ್ಟಿಲ್ಲ, ಬರೀ ಇಟ್ಟುಕೊಂಡಿದ್ದೇನೆ. ಇಲ್ಲಿಗೆ ನನಗೆ ಹತ್ತಿರ ಅನ್ನಿಸಿದ್ದು ‘ಸುಪರ್ದಿ’. ಪಾರ್ಸಿಯಿಂದ ಬಂದದ್ದು, ಆದರೆ ಕೋರ್ಟು ಕಚೇರಿ ಸುತ್ತಿದವರಿಗೆಲ್ಲ ಗೊತ್ತು. ವಸ್ತು ಇನ್ನೊಬ್ಬರದು, ಸದ್ಯ ಇವರ ಕೈಯಲ್ಲಿದೆ, ಕೇಳಿದಾಗ ಲೆಕ್ಕ ಕೊಡಬೇಕು ಎಂಬ ಮೂರೂ ಅದರಲ್ಲಿವೆ. ‘ಸುಪರ್ದಿದಾರ’ ಎನ್ನಬಹುದೇ? ‘ಜಿಮ್ಮಾ’ ಕೂಡ ಇದೇ ಜಾತಿಯದು, ಉತ್ತರ ಕರ್ನಾಟಕದವರು ಅದನ್ನು ಇನ್ನೂ ಸಲೀಸಾಗಿ ಬಳಸುತ್ತಾರೇನೋ, ಅಲ್ಲಿಯವರು ಹೇಳಬೇಕು. ‘ಠೇವಣಿದಾರ’ ಬೇಡ, ಅದು ಇಟ್ಟವರ ಹೆಸರು, ಇಟ್ಟುಕೊಂಡವರದಲ್ಲ.

ಚಿಕ್ಕದೊಂದು ಉಪಪ್ರಶ್ನೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಇದೆಯಲ್ಲ, ಇನ್ನು ಮುಂದೆ ಅದನ್ನೇ ಕೇಳುವುದೆಂದು ಮಾಡಿದ್ದೇನೆ. ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಇದನ್ನು ಕೊಡಿ ಎಂದು 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಹೇಳಿ, ಜನ ಗಾಬರಿಯಾದ ಮೇಲೆ ಎರಡೇ ದಿನದಲ್ಲಿ ಆ ಪ್ರಕಟಣೆ ವಾಪಸಾಗಿತ್ತು. ಸಲಹೆ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು. ಇದಕ್ಕೆ ‘ಮುಸುಕಿನ ಆಧಾರ್’ ಎಂದು ಬರೆದಿದ್ದೇನೆ. ಮುಸುಕಿನ ಜೋಳದ ಹಾಗೆ ಕೇಳಿಸುತ್ತದೆ ಎಂದು ಮಗ ಆಡಿಕೊಂಡ. ಕೇಳಿಸಲಿ, ಅರ್ಥವಾದರೆ ಸಾಕು, ಅಲ್ಲವೇ?

‘ಅಳಿಸು’ವಿಗೆ ‘ಖಾಲಿ ಮಾಡು’ ಎಂದು ಬರೆದದ್ದನ್ನು ಮಾತ್ರ ಯಾರು ಆಡಿಕೊಂಡರೂ ಬಿಡುವುದಿಲ್ಲ. ಉಳಿದದ್ದರಲ್ಲಿ ನಿಮ್ಮ ಮಾತು ಕೇಳುತ್ತೇನೆ. ಮೇಲಿನ ಪೋರ್ಷನ್ನಿಗೆ ಒಂದು ಕುಟುಂಬ ಒಪ್ಪಿಕೊಂಡಿದೆ. ಆಷಾಢ ಕಳೆದು ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕಿಸುತ್ತಾರಂತೆ. ಅಷ್ಟರೊಳಗೆ ಸುಪರ್ದಿದಾರ ಇರಲೋ ಬೇಡವೋ ತಿಳಿಸಿದರೆ ಹಾಳೆ ಪ್ರಿಂಟಿಗೆ ಕೊಡುತ್ತೇನೆ. ಈ ಸಲ ನಮ್ಮ ಮನೆಯ ಪ್ರಿಂಟರಿನಲ್ಲೇ.