ಮಂಗಳೂರು–ದುಬೈ: ದೂರ ಎಷ್ಟು, ನಿಜಕ್ಕೂ ಎಷ್ಟು ಹೊತ್ತು?

ಕುಂಬಳೆ ಕಡೆಯವ:
ಅಪ್ಪ–ಅಮ್ಮನ ಟಿಕೆಟಿನಲ್ಲಿ ಬೆಳಿಗ್ಗೆ 9:00ಕ್ಕೆ ಹೊರಟು 11:05ಕ್ಕೆ ತಲುಪುತ್ತದೆ ಅಂತ ಇದೆ. ಎರಡೇ ಗಂಟೆಯ ದಾರಿಯಾ? ನಮಗೆ ಮಂಗಳೂರು ಒಳ್ಳೆಯದಾ, ಕಣ್ಣೂರಾ?

ಬಜ್ಪೆ ಗುಡ್ಡೆ:
ಅಲ್ಲ, ಎರಡೂ ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಯ 11:05 ಅಂದರೆ ಇಲ್ಲಿ 12:35. ಪ್ರಯಾಣ 3 ಗಂಟೆ 35 ನಿಮಿಷ. ನೇರ ದೂರ ಸುಮಾರು 2,460 ಕಿ.ಮೀ. ಗಂಟೆಗೆ 830 ಕಿ.ಮೀ. ಲೆಕ್ಕದಲ್ಲಿ ಮೂರು ಗಂಟೆ ಸಾಕು. ಉಳಿದದ್ದು ರನ್‌ವೇವರೆಗಿನ ಓಡಾಟ, ಮೇಲೇರುವುದು, ಇಳಿಯಲು ಸರದಿ ಕಾಯುವುದು. ವಾಪಸು ಬರುವಾಗ ಪ್ರಯಾಣದ ಹೊತ್ತಿನ ಜೊತೆ ಒಂದೂವರೆ ಗಂಟೆ ಕೂಡಿಸಿ. ನಿಲ್ದಾಣಕ್ಕೆ ಕರೆತರಲು ಕಾರು ಹೇಳುವವರು ತಪ್ಪುವುದು ಇಲ್ಲೇ.

ಪಡುಗಾಳಿ:
ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಆಗ ವಾಪಸು ಪ್ರಯಾಣ ಬೇಗ ಮುಗಿಯುತ್ತದೆ.

ಉಪ್ಪಳ ರಸ್ತೆ:
ಕಣ್ಣೂರಿನಿಂದ ದುಬೈ ಸುಮಾರು 2,590 ಕಿ.ಮೀ., ಆಕಾಶದಲ್ಲಿ ಹತ್ತು ನಿಮಿಷದ ವ್ಯತ್ಯಾಸ ಅಷ್ಟೆ. ನೋಡಬೇಕಾದ್ದು ರಸ್ತೆ. ಕಾಸರಗೋಡು ಪೇಟೆಯಿಂದ ಮಂಗಳೂರು ವಿಮಾನ ನಿಲ್ದಾಣ 60 ಕಿ.ಮೀ. ಆಸುಪಾಸು; ಕಣ್ಣೂರಿನದು ಮಟ್ಟನ್ನೂರಿನಲ್ಲಿ, 100 ಕಿ.ಮೀ. ದಾಟುತ್ತದೆ. ಕಾಸರಗೋಡಿನಿಂದ ಮಂಗಳೂರು ಕಡೆಗಿರುವ ಕುಂಬಳೆಯವರಿಗೆ ಕಣ್ಣುಮುಚ್ಚಿ ಮಂಗಳೂರು. ದಕ್ಷಿಣಕ್ಕೆ ನೀಲೇಶ್ವರದಿಂದಾಚೆಯವರು ಬೇಕಾದರೆ ಕಣ್ಣೂರು ನೋಡಲಿ. ಸಂಜೆಯ ವಿಮಾನವಾದರೆ ಮಂಗಳೂರು ಪೇಟೆಯ ಪಂಪ್‌ವೆಲ್, ನಂತೂರು ವೃತ್ತ ದಾಟುವುದಕ್ಕೇ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. 9ರ ವಿಮಾನಕ್ಕೆ 6ಕ್ಕೆ ಅಲ್ಲಿರಬೇಕು, ಮನೆಯಿಂದ ನಾಲ್ಕೂವರೆಗೆ ಹೊರಡಿಸಿ.