ಅಪ್‌ಡೇಟ್: ದಿನನಿತ್ಯದ ಓಡಾಟಕ್ಕೆ ಹಳೆಯ ಹೆರಾಲ್ಡ್

ತಂದೆಯವರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಟ್ರಯಂಫ್ ಸ್ಪಿಟ್‌ಫೈರ್‌ನಂತಹ ಎರಡು ಸೀಟಿನ ಸ್ಪೋರ್ಟ್ಸ್ ಕಾರಾಗಿಸಿ, ಶಿರಸಿಯಿಂದ ಕುಮಟೆಗೆ ದಿನವೂ ಓಡಿಸಬಹುದೇ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. 1962ರಲ್ಲಿ ಬಂದ ಸ್ಪಿಟ್‌ಫೈರ್ ಹೆರಾಲ್ಡ್‌ನ ಚಾಸಿಯನ್ನು (ಬಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟನ್ನು) ಆಧರಿಸಿಯೇ ರೂಪುಗೊಂಡದ್ದರಿಂದ ಕೆಲಸ ಸುಲಭವೆಂದು ಭಾವಿಸಿದ್ದೆ. ಉತ್ತರಿಸಿದವರೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಬಾಡಿ ಬದಲಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ನೀವು ತಿಳಿಸಿದಂತೆ, ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಸಿಗುತ್ತದಾದರೂ, ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ; ಆದ್ದರಿಂದ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗಲಿದ್ದೇನೆ.

ನಿಜವಾದ ಆತಂಕ ಕೆಳಗಡೆ ಕಾದಿತ್ತು. ಕಾರನ್ನು ಜ್ಯಾಕ್ ಮೇಲೆ ಎತ್ತಿ, ಬಾಡಿಗೆ ಆಧಾರವಾಗಿ ಚಾಸಿಯ ಬದಿಗೆ ಚಾಚಿಕೊಂಡಿರುವ ತೋಳುಗಳನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದಾಗ ಅದು ಹಿಡಿಯವರೆಗೂ ಒಳಹೋಗಿ, ತೇವಗೊಂಡ ತುಕ್ಕು ಚಹಾಪುಡಿಯಂತೆ ಅಂಗೈಗೆ ಉದುರಿತು. ವರ್ಷಗಟ್ಟಲೆ ಕಾರವಾರದ ಕಡಲತೀರದ ಉಪ್ಪುಗಾಳಿಯಲ್ಲಿ ನಿಂತಿದ್ದ ಕಾರಿದು, ಮೊದಲೇ ನೋಡಬೇಕಿತ್ತು. ಈಗ ಆ ಭಾಗಗಳನ್ನು ಕತ್ತರಿಸಿ, ಹೊಸ ಉಕ್ಕಿನಲ್ಲಿ ಅದೇ ಅಳತೆಗೆ ಮಾಡಿಸಿ ವೆಲ್ಡಿಂಗ್ ಮಾಡಿಸುತ್ತಿದ್ದೇನೆ.

ಶಿರಸಿ–ಕುಮಟೆ ದಾರಿಯ ದೇವಿಮನೆ ಘಾಟಿಯ ತಿರುವಿನಲ್ಲಿ ವೇಗವಾಗಿ ನುಗ್ಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ, ಈ ಕಾರಿನ ಸ್ವಿಂಗ್ ಆಕ್ಸಲ್‌ನಿಂದಾಗಿ (ಹಿಂದಿನ ಎರಡೂ ಚಕ್ರಗಳು ತಮ್ಮ ತಮ್ಮ ಅಚ್ಚಿನೊಂದಿಗೆ ಬೇರೆಬೇರೆಯಾಗಿ ಮೇಲೆ ಕೆಳಗೆ ತೂಗುವ ಏರ್ಪಾಡು) ಹಿಂಬದಿ ಮೇಲೆದ್ದು ಚಕ್ರಗಳು ಒಳಕ್ಕೆ ಮಡಚಿಕೊಳ್ಳುವ ಅಪಾಯವಿದೆ ಎಂಬ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಹಾಗಾಗಿ ಎಂಜಿನ್ನಿನ ಶಕ್ತಿ ಹೆಚ್ಚಿಸುವುದಿಲ್ಲ. ಬ್ರೇಕ್, ಟೈರು ಮತ್ತು ರೇಡಿಯೇಟರ್ ಕೆಲಸಕ್ಕೇ ಹಣ ಮೀಸಲು.

ವೆಲ್ಡಿಂಗ್ ಮುಗಿದ ಬಳಿಕ ಚಾಸಿಯ ಚಿತ್ರಗಳನ್ನು ಹಾಕುತ್ತೇನೆ.